ಮುಖವಾಡ ಕಳಚಿದ ಮೇಲೆ ಹೇಳಿದ ಹೆಸರು

ನನ್ನ ಗಂಡನನ್ನು ಮಣ್ಣು ಮಾಡಿದ ವಾರವೇ ಕಾರ್ಬೊನೆರೊ ಅಖಾಡಕ್ಕಿಳಿದು ಇಬ್ಬರನ್ನು ಎತ್ತಿ ಬಿಸಾಡಿದ. ನೋಡಿದವರು ಮೆಕ್ಸಿಕೊ ನಗರದ ಅಂಚಿನ ನೆಸಾದಲ್ಲಿ ಇನ್ನೂ ಬದುಕಿದ್ದಾರೆ, ಬೇಕಾದರೆ ಕೇಳಿ. ಆ ಕಾರ್ಬೊನೆರೊ ನನ್ನ ಗಂಡನೇ ಎಂದು ಅವರು ಆಣೆ ಹಾಕಿ ಹೇಳುತ್ತಾರೆ. ಹಾಳಾಗಿ ಹೋಗಲಿ, ಅವರದೇನು ತಪ್ಪು? ಅವರು ನೋಡಿದ್ದು ಮುಖವಾಡ. ಅದರ ಹಿಂದಿದ್ದವನ ಕಥೆ ಹೇಳಲು ನಾನೊಬ್ಬಳೇ ಉಳಿದಿದ್ದೇನೆ.

ನನ್ನ ಗಂಡನ ಹೆಸರು ಫಿದೆನ್ಸಿಯೊ ಕುವಾಟ್ಲೆ, ಊರು ತ್ಲಾಸ್ಕಾಲ ಸೀಮೆಯ ಕೊಂತ್ಲ. ಅವನ ಅಪ್ಪ ಮಲಿಂಚೆ ಬೆಟ್ಟದಲ್ಲಿ ಇದ್ದಿಲು ಸುಟ್ಟು ಕತ್ತೆಯ ಮೇಲೆ ಹೇರಿ ಮಾರುತ್ತಿದ್ದ. ಅದಕ್ಕೇ ಕುಸ್ತಿಗಿಳಿದಾಗ ಇವನು ಕಾರ್ಬೊನೆರೊ, ಅಂದರೆ ಇದ್ದಿಲಿನವನು, ಎಂದು ಹೆಸರಿಟ್ಟುಕೊಂಡ. ಕಪ್ಪು ಮುಖವಾಡ, ಕಣ್ಣಿನ ಸುತ್ತ ಕೆಂಡದ ಬಣ್ಣದ ಅಂಚು. ಹೊಲಿದವಳು ನಾನೇ. ವಾರವೆಲ್ಲ ನೆಸಾದಲ್ಲಿ ಗಾರೆ ಕೆಲಸ, ಭಾನುವಾರ ಅಲ್ಲಿನ ಅಖಾಡದಲ್ಲಿ ಮುಖವಾಡ. ಜಟ್ಟಿಯಾಗಿ ಅವನು ಸುಮಾರು. ಹೆಂಡತಿ ನಾನೇ ಹೇಳುತ್ತಿದ್ದೇನೆ, ಸುಮಾರು. ಆದರೆ ಜನರಿಂದ ಬೈಸಿಕೊಳ್ಳುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ನಮ್ಮ ಕುಸ್ತಿಯಲ್ಲಿ ಒಳ್ಳೆಯವರ ಪಕ್ಷ, ಕೆಟ್ಟವರ ಪಕ್ಷ ಎಂದಿದೆ, ಇವನು ಕೆಟ್ಟವರ ಪಕ್ಷದ ಜಟ್ಟಿ ನೋಡಿ. ಮುದುಕಿಯರು ಎದ್ದು ನಿಂತು ಚಪ್ಪಲಿ ತೋರಿಸಿ "ನಿನ್ನ ಹೆಣ ಎತ್ತಾ!" ಎಂದು ಕೂಗುತ್ತಿದ್ದರು. ಆಮೇಲೆ ಹೊರಗೆ ಬಂದು, ಬಾಗಿಲಲ್ಲಿ ಜೋಳದ ಕಡುಬು ಮಾರುತ್ತಿದ್ದ ನನ್ನ ಹತ್ತಿರವೇ ಆ ತಮಾಲೆ ಕೊಂಡು, ಜೋಳದ ಸಿಪ್ಪೆ ಬಿಡಿಸುತ್ತಾ, "ಆ ಕಾರ್ಬೊನೆರೊನ ಕೈ ಸೇದಿ ಹೋಗಬಾರದಾ" ಎಂದು ನನಗೇ ಹೇಳುತ್ತಿದ್ದರು. ನಾನು ಹೌದಮ್ಮಾ ಹೌದು ಎಂದು ಇನ್ನೆರಡು ಮೆಣಸಿನಕಾಯಿ ಹಾಕಿಕೊಡುತ್ತಿದ್ದೆ.

ಯಾರು ಗೆಲ್ಲುತ್ತಾರೆಂದು ಮೊದಲೇ ಮಾತಾಗಿರುತ್ತದೆ, ಅದೆಲ್ಲ ನಾಟಕ ಎನ್ನುವವರಿದ್ದಾರೆ. ಅಂಥವರಿಗೆ ನನ್ನ ಗಂಡನ ಕುತ್ತಿಗೆ ತೋರಿಸಬೇಕಿತ್ತು. ಉವಾಮಂತ್ಲದ ಜಾತ್ರೆಯಲ್ಲಿ ಹಲಗೆಯ ಮೇಲೆ ಕಂಬಳಿ ಹಾಸಿ ಅದನ್ನೇ ಅಖಾಡ ಎಂದಿದ್ದರು. ಅಖಾಡದ ಸುತ್ತ ಕಟ್ಟಿದ ಮೇಲಿನ ಹಗ್ಗದಿಂದ ಜಿಗಿದವನು ತಲೆ ಕೆಳಗಾಗಿ ಬಿದ್ದ. ಎದ್ದು, ಆಟ ಮುಗಿಸಿ, ತನ್ನ ಕಾಲ ಮೇಲೇ ನಡೆದುಕೊಂಡು ಕೊಂತ್ಲದ ಹಳೆಯ ಮನೆಗೆ ಬಂದ. ಬೆಳಿಗ್ಗೆ ನೋಡಿದರೆ ಕೈ ಆಡುತ್ತಿಲ್ಲ, ಸಂಜೆಗೆ ಉಸಿರೂ ಇಲ್ಲ.

ನಮ್ಮ ಕುಸ್ತಿಯಲ್ಲಿ ಒಂದು ಪದ್ಧತಿ ಇದೆ. ಮುಖವಾಡಕ್ಕೆ ಮುಖವಾಡ ಪಣ ಇಟ್ಟು ಸೋತವನು ಅಖಾಡದ ನಡುವೆ ನಿಂತು ತನ್ನ ಕೈಯಾರೆ ಮುಖವಾಡ ಕಳಚಬೇಕು. ಮೈಕ್ ಹಿಡಿದು ತನ್ನ ಹೆಸರು, ಊರು, ಎಷ್ಟು ವರ್ಷ ಆಡಿದೆ ಎಂಬುದನ್ನು ಎಲ್ಲರೆದುರು ಹೇಳಬೇಕು. ಅಲ್ಲಿಯವರೆಗೆ ಅವನಿಗೆ ಹೆಸರೇ ಇಲ್ಲ. ಸೋಲದೆ ಸತ್ತನೋ, ಮುಖವಾಡದ ಜೊತೆಗೇ ಮಣ್ಣು. ಅದು ಜಟ್ಟಿಗೆ ಸಲ್ಲುವ ಮರ್ಯಾದೆ. ನಾನು ಆ ಮುಖವಾಡದ ರಕ್ತ ತೊಳೆದು, ಒಣಗಿಸಿ, ಹೆಣದ ಪೆಟ್ಟಿಗೆಯಲ್ಲಿ ಅವನ ಮುಖಕ್ಕೆ ಹಾಕಿ ಲಾಡಿ ಕಟ್ಟಿದ್ದೆ. ಅಷ್ಟರಲ್ಲಿ ದೊನ್ ಅಬುಂದಿಯೊ ಬಂದ. ನೆಸಾದ ನಮ್ಮ ಅಖಾಡ ಅವನದು. ಟೋಪಿ ತೆಗೆದು, ಶಿಲುಬೆ ಗುರುತು ಮಾಡಿ, ಮೊಂಬತ್ತಿ ಹಚ್ಚಿ, ಆಮೇಲೆ ನನ್ನ ಮೈದುನನ ಕಡೆ ತಿರುಗಿದ.

"ರುತಿಲಿಯೊ, ನೀನೂ ಅಣ್ಣನ ಜೊತೆ ಗರಡೀಲಿ ಬೆಳೆದೋನೇ ಅಲ್ವೇನಪ್ಪಾ? ಅದೇ ಎತ್ತರ, ಅದೇ ಭುಜ. ಭಾನುವಾರದ ಪೋಸ್ಟರು ಆಗ್ಲೇ ಗೋಡೆ ಮೇಲಿದೆ."

"ಅಣ್ಣ ಇನ್ನೂ ಮನೇಲೇ ಇದಾನೆ ದೊನ್ ಅಬುಂದಿಯೊ," ಎಂದ ರುತಿಲಿಯೊ.

"ಇದಾನಪ್ಪಾ, ಯಾರು ಇಲ್ಲ ಅಂದ್ರು? ಇದ್ದವರು ಊಟ ಮಾಡ್ಬೇಕಲ್ಲ. ನಿನಗೆ ಕೆಲ್ಸ ಇಲ್ಲ, ಈ ಹೆಣ್ಮಗಳಿಗೆ ಗಂಡ ಇಲ್ಲ. ಕಾರ್ಬೊನೆರೊ ಸತ್ತ ಅಂದ್ರೆ ನಾಳೆಯಿಂದ ನಮ್ಮ ಮೂವರಿಗೂ ಮಣ್ಣೇ ಗತಿ. ಸತ್ತೋನು ಫಿದೆನ್ಸಿಯೊ. ಕಾರ್ಬೊನೆರೊ ಯಾಕೆ ಸಾಯ್ಬೇಕು?"

ಉರಿಯುವ ಮನೆಯಲ್ಲಿ ಗಳ ಹಿರಿಯುವುದು ಎಂದರೆ ಇದೇ. ಹೆಣ ಇನ್ನೂ ಪಡಸಾಲೆಯಲ್ಲಿತ್ತು! ನನ್ನನ್ನು ಯಾರು ಕೇಳಿದರು? ರುತಿಲಿಯೊ ಅಳುತ್ತಾ ಅಣ್ಣನ ತಲೆ ಎತ್ತಿ ಹಿಡಿದು, ನಾನು ಕಟ್ಟಿದ್ದ ಲಾಡಿಯನ್ನೇ ಬಿಚ್ಚಿದ. ಫಿದೆನ್ಸಿಯೊ ಬರಿ ಮುಖದಲ್ಲಿ ಮಣ್ಣಿಗೆ ಹೋದ.

ನೆಸಾಕ್ಕೆ ಬಂದು ಹಳೆಯ ಬೀದಿ ಬಿಟ್ಟು, ಊರಿನ ಇನ್ನೊಂದು ತುದಿಯಲ್ಲಿ, ನನ್ನ ಗಂಡನ ಮುಖ ಕಾಣದವರ ನಡುವೆ ಕೋಣೆ ಹಿಡಿದೆ. ಗಂಡ ಎಲ್ಲಿ ಎಂದು ಕೇಳಿದವರಿಗೆ ಗಡಿ ದಾಟಿ ಉತ್ತರಕ್ಕೆ ಕೂಲಿಗೆ ಹೋಗಿದ್ದಾನೆ ಎನ್ನಬೇಕೆಂದು ದೊನ್ ಅಬುಂದಿಯೊ ಹೇಳಿಕೊಟ್ಟಿದ್ದ. ಗಂಡ ಉತ್ತರಕ್ಕೆ ಹೋದವಳು ವಿಧವೆಯ ಕಪ್ಪು ಉಡುವ ಹಾಗಿಲ್ಲ. ಹೂವಿನ ಏಪ್ರನ್ ಕಟ್ಟಿಕೊಂಡು ತಮಾಲೆ ಮಾರಿದೆ. ಪಕ್ಕದ ಕೋಣೆಯ ಚೋಲೆಗೆ ಊರ ಚಿಂತೆಯೆಲ್ಲ ಬೇಕು.

"ಏನೇ ಎರ್ಮೆಲಿಂದಾ, ನಿನ್ನ ಗಂಡ ಫಿದೆನ್ಸಿಯೊ ಅಲ್ಲಿ ಬಿಳೀ ಹೆಂಡ್ತಿ ಕಟ್ಕೊಂಡ್ನೋ ಹೇಗೆ? ಒಂದು ಸುದ್ದಿ ಇಲ್ಲ, ಸುಳಿವಿಲ್ಲ."

"ಕಟ್ಕೊಳ್ಳಲಿ ಬಿಡು. ನಿನ್ನ ಗಂಡನ್ನ ಯಾವಳೂ ಕಟ್ಕೊಳ್ಳಲ್ಲ ಅನ್ನೋ ಹೊಟ್ಟೆಕಿಚ್ಚಾ ನಿಂಗೆ?"

"ಅಯ್ಯೋ, ನಂಗ್ಯಾಕೆ? ಭಾನುವಾರ ಭಾನುವಾರ ಟೋಪಿ ಹಾಕ್ಕೊಂಡು ಒಬ್ಬ ಬರ್ತಾನಲ್ಲ, ಅವನಿದ್ಮೇಲೆ ನಿಂಗ್ಯಾಕೆ ಚಿಂತೆ!"

ಬರುತ್ತಿದ್ದವನು ರುತಿಲಿಯೊ. ತಮಾಲೆ ಪಾತ್ರೆ ಹೊತ್ತು ನನ್ನನ್ನು ಅಖಾಡಕ್ಕೆ ಕರೆದೊಯ್ದು, ಹಿಂದಿನ ಕೋಣೆಯಲ್ಲಿ ಲಾಡಿ ಕಟ್ಟಿಸಿಕೊಳ್ಳಲು. ಅವನ ತಲೆಯ ಹಿಂದೆ ನಿಂತು ಎಳೆದು ಕಟ್ಟುವಾಗ ನನ್ನ ಕೈಗೆ ಗೊತ್ತಾಗುತ್ತಿದ್ದದ್ದು ಗಂಡನ ತಲೆಯಲ್ಲ. ಬೇಕೆಂದೇ ಬಿಗಿಯಾಗಿ ಎಳೆಯುತ್ತಿದ್ದೆ.

"ಅತ್ತಿಗೆ, ಎದುರಾಳಿ ಹೊರಗಿದಾನೆ. ನೀವ್ಯಾಕೆ ಒಳಗೇ ಮುಗಿಸ್ತಿದೀರಿ?" ಎನ್ನುತ್ತಿದ್ದ.

"ಈ ಮುಖವಾಡ ಯಾರದು?"

"ಅಣ್ಣಂದು."

"ಕಳಚೋ ದಿನ ಬಂದ್ರೆ ಯಾರ ಹೆಸರು ಹೇಳ್ತೀಯ?"

"ಕಳಚೋ ದಿನ ಬಂದ್ರೆ ತಾನೇ ಅತ್ತಿಗೆ?"

ನನಗೆ ಬೇಕಿದ್ದದ್ದು ಅದೊಂದೇ. ಗೋರಿ ಬೇಡ, ಹೂವು ಬೇಡ. ಆ ಮೈಕಿನಲ್ಲಿ ಒಂದು ಸಲ ಫಿದೆನ್ಸಿಯೊ ಕುವಾಟ್ಲೆ ಎಂದು ಎಲ್ಲರ ಕಿವಿಗೆ ಬೀಳಬೇಕು. ಇದನ್ನು ನಾನು ಪ್ರತಿ ಭಾನುವಾರ ಕೇಳಿದೆ, ಅವನು ಪ್ರತಿ ಭಾನುವಾರ ನಕ್ಕು ಜಾರಿಕೊಂಡ.

ಇನ್ನೊಂದು ಮಾತು ಹೇಳಿಬಿಡಬೇಕು. ರುತಿಲಿಯೊ ನನ್ನ ಗಂಡನಿಗಿಂತ ದೊಡ್ಡ ಜಟ್ಟಿ. ಅಣ್ಣನ ಹಾಗೆ ಬೈಸಿಕೊಳ್ಳಲು ಅವನಿಗೆ ಬರುತ್ತಿರಲಿಲ್ಲ, ಆದರೆ ಹಗ್ಗದ ಮೇಲೆ ಬೆನ್ನು ತಿರುಗಿಸಿ ನಿಂತು, ಹಿಂದಕ್ಕೆ ಹಾರಿ, ಎದುರಾಳಿಯ ಎದೆಯ ಮೇಲೆ ಬಂದಿಳಿಯುವ ಪಟ್ಟು ಅವನದೇ. ಅಣ್ಣ ಅದನ್ನು ಕನಸಿನಲ್ಲೂ ಮಾಡಿರಲಿಲ್ಲ. ಆ ಪಟ್ಟು ನೋಡಲು ಮೆಕ್ಸಿಕೊ ನಗರದಿಂದ ಜನ ಬಸ್ಸು ಹತ್ತಿ ಬಂದರು. ಬರಬರುತ್ತಾ ಮುದುಕಿಯರು ಚಪ್ಪಲಿ ತೋರಿಸುವುದನ್ನು ಬಿಟ್ಟು ಚಪ್ಪಾಳೆ ತಟ್ಟಿದರು. ಮೂಗು ಮುರಿದದ್ದು, ಮಂಡಿ ಸವೆದದ್ದು, ಹಲ್ಲು ಹೋದದ್ದು ಎಲ್ಲ ಅವನದು. ಮದುವೆಯಾಗಲಿಲ್ಲ. ಗರಡಿಯ ಹಿಂದಿನ ಕೋಣೆಯಲ್ಲಿ ಒಬ್ಬನೇ ಮಲಗುತ್ತಿದ್ದ. ಕಾರ್ಬೊನೆರೊ ಎಂದರೆ ಊರು ಎದ್ದು ನಿಲ್ಲುತ್ತಿತ್ತು, ರುತಿಲಿಯೊ ಎಂದರೆ ಬೀದಿ ನಾಯಿಯೂ ತಿರುಗುತ್ತಿರಲಿಲ್ಲ.

ಹದಿನೇಳು ವರ್ಷ ಹೀಗೇ ಕಳೆಯಿತು. ಮಂಡಿ ಪೂರ್ತಿ ಕೈ ಕೊಟ್ಟಮೇಲೆ ದೊನ್ ಅಬುಂದಿಯೊ ಪೋಸ್ಟರು ಹಚ್ಚಿಸಿದ: ಕಾರ್ಬೊನೆರೊ ಮತ್ತು ಬಿಳಿ ಕಟುಕ, ಮುಖವಾಡಕ್ಕೆ ಮುಖವಾಡ. ಬಿಳಿ ಕಟುಕ ಎಳೆಯ ಗೂಳಿ. ಯಾರ ಮುಖವಾಡ ಬೀಳುತ್ತದೆ ಎಂದು ನನಗೂ ಗೊತ್ತು, ಗೋಡೆಗೂ ಗೊತ್ತು. ಅವತ್ತು ಲಾಡಿ ಕಟ್ಟುವಾಗ ರುತಿಲಿಯೊ ತಮಾಷೆ ಮಾಡಲಿಲ್ಲ.

"ಅತ್ತಿಗೆ, ಇವತ್ತು ಆಟ ನೋಡೋಕೆ ಬನ್ನಿ."

"ಯಾರ ಹೆಸರು ಹೇಳ್ತೀಯ?"

"ಬನ್ನಿ ನೀವು," ಎಂದಷ್ಟೇ ಹೇಳಿದ.

ಅಷ್ಟು ವರ್ಷ ಬಾಗಿಲಲ್ಲಿ ತಮಾಲೆ ಮಾರಿದವಳು ಅವತ್ತು ಮೊದಲ ಸಲ ಒಳಗೆ ಹೋಗಿ ಜನರ ನಡುವೆ ಕೂತೆ. ಚೋಲೆಯೂ ಬೆನ್ನು ಹತ್ತಿ ಬಂದಳು, ಇಂಥದ್ದನ್ನು ಬಿಟ್ಟಾಳೆಯೇ? ಮೊದಲ ಸುತ್ತು ರುತಿಲಿಯೊನದು, ಎರಡನೆಯದು ಕಟುಕನದು. ಮೂರನೆಯದರಲ್ಲಿ ಆ ಮುರುಕು ಮಂಡಿ ಇಟ್ಟುಕೊಂಡು ಹಗ್ಗ ಹತ್ತಿ ಬೆನ್ನು ತಿರುಗಿಸಿದ. ಬೇಡ ಕಣೋ ಎಂದು ಕೂಗಿಕೊಂಡೆ. ಹಾರಿದ. ಕಟುಕ ಪಕ್ಕಕ್ಕೆ ಸರಿದ. ಬಿದ್ದ ಸದ್ದಿಗೆ ಮುಂದಿನ ಸಾಲಿನವರು ಎದ್ದು ನಿಂತರು.

ಮಂಡಿಯೂರಿ ಕೂತು ಲಾಡಿಗೆ ಕೈ ಹಾಕಿದ, ಬಿಚ್ಚಲಾಗಲಿಲ್ಲ. ನಾನು ಅಷ್ಟು ಬಿಗಿದಿದ್ದೆ. ಕೊನೆಗೆ ಕಟುಕನೇ ಬಗ್ಗಿ ಬಿಚ್ಚಿಕೊಟ್ಟ. ಮುಖವಾಡ ಜಾರಿತು. ಕುತ್ತಿಗೆಯವರೆಗೆ ಬಯಲು ಜಾತ್ರೆಗಳ ಬಿಸಿಲಿಗೆ ಸುಟ್ಟ ಕಪ್ಪು, ಅದರ ಮೇಲೆ ಬೇಯಿಸಿದ ಆಲೂಗಡ್ಡೆಯ ಹಾಗೆ ಬಿಳಿಚಿದ ಮುಖ, ವಯಸ್ಸಾದ ಮುಖ. ಜನ "ಹೆಸರು! ಹೆಸರು!" ಎಂದು ಕೂಗಿದರು. ಅವನು ಮೈಕ್ ಹಿಡಿದು ಸಾಲು ಸಾಲು ಹುಡುಕಿ, ನನ್ನನ್ನು ಕಂಡು, ಅಲ್ಲೇ ಕಣ್ಣು ನಿಲ್ಲಿಸಿದ.

"ನನ್ನ ಹೆಸ್ರು," ಎಂದು ಮೈಕನ್ನು ಎರಡೂ ಕೈಯಲ್ಲಿ ಹಿಡಿದ. "ನನ್ನ ಹೆಸ್ರು ಫಿದೆನ್ಸಿಯೊ ಕುವಾಟ್ಲೆ. ಊರು ಕೊಂತ್ಲ. ಇಪ್ಪತ್ತೆರಡು ವರ್ಷ ಕುಸ್ತಿ ಆಡಿದೀನಿ."

ಅಣ್ಣನ ಐದು, ತನ್ನ ಹದಿನೇಳು. ಎರಡನ್ನೂ ಕೂಡಿಸಿ ಅಣ್ಣನಿಗೇ ಕೊಟ್ಟುಬಿಟ್ಟ. ಇಡೀ ಅಖಾಡ ಎದ್ದು ಫಿದೆನ್ಸಿಯೊ, ಫಿದೆನ್ಸಿಯೊ ಎಂದು ಕೂಗಿತು. ನನಗೆ ಬೇಕಿದ್ದದ್ದು ಅದೇ ಅಲ್ಲವೇ? ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ಗಂಡ ಸತ್ತಾಗ ಸುರಿಸದ ಕಣ್ಣೀರೆಲ್ಲ ಅವತ್ತು ಸುರಿಯಿತು. ಆಮೇಲೆ ಅಖಾಡದ ನಡುವೆ ಆ ಬಿಳಿಚಿದ ಮುಖ ಕಂಡಿತು. ತನ್ನದಲ್ಲದ ಹೆಸರಿಗೆ ತಲೆ ಬಾಗಿಸುತ್ತಿದ್ದ.

ಚೋಲೆ ನನ್ನ ಭುಜ ಹಿಡಿದು ಅಲ್ಲಾಡಿಸಿದಳು. "ಏ ಕಳ್ಳಿ! ಫಿದೆನ್ಸಿಯೊ ಅಂದ್ರೆ ನಿನ್ನ ಗಂಡ! ಟೋಪಿಯವನೂ ಅವನೇ! ಉತ್ತರಕ್ಕೆ ಹೋಗಿದಾನೆ ಅಂತ ನಮ್ಮ ಕಿವಿಗೆ ಹೂ ಇಟ್ಯಲ್ಲೇ!"

"ಅಲ್ಲ ಚೋಲೆ, ಅವನು ನನ್ನ ಮೈದುನ."

"ಸಾಕು ಸುಮ್ನಿರೇ. ಮುಖವಾಡ ಬಿದ್ಮೇಲೂ ಸುಳ್ಳಾ?"

ಅಲ್ಲಿಗೆ ಮುಗಿಯಿತು. ಆ ಹೆಸರು ಹೊರಬಿದ್ದ ಮೇಲೆ ನೆಸಾದಲ್ಲಿ ನಾನು ಕಾರ್ಬೊನೆರೊನ ಹೆಂಡತಿ, ರುತಿಲಿಯೊ ನನ್ನ ಗಂಡ. ಎಷ್ಟು ಹೇಳಿದರೂ ಜನ ಕಣ್ಣು ಮಿಟುಕಿಸಿ ನಕ್ಕರು. ಊರ ಬಾಯಿಗೆ ಮುಚ್ಚಳ ಉಂಟೇ? ದೊನ್ ಅಬುಂದಿಯೊ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಸತ್ತವನ ಮುಖವಾಡವನ್ನು ಇನ್ನೊಬ್ಬನಿಗೆ ಹಾಕಿಸಿದೆ ಎಂದು ಯಾವ ಬಾಯಲ್ಲಿ ಹೇಳುತ್ತಾನೆ?

ಮುಖವಾಡ ಹೋದ ಜಟ್ಟಿಯನ್ನು ಯಾರು ಕರೆಯುತ್ತಾರೆ? ರುತಿಲಿಯೊ ಮಾರುಕಟ್ಟೆಯಲ್ಲಿ ಟೊಮೇಟೊ ಪೆಟ್ಟಿಗೆ ಹೊತ್ತ. "ಫಿದೆನ್ಸಿಯೊ, ಬಾರಯ್ಯಾ ಇಲ್ಲಿ!" ಎಂದರೆ ಹೋಗುತ್ತಿದ್ದ. ಸಂಜೆ ನನ್ನ ಒಲೆಯ ಹತ್ತಿರ ಕೂತು ತಣ್ಣಗಾದ ತಮಾಲೆ ತಿನ್ನುತ್ತಿದ್ದ. ತಲೆನೋವು ಬಂದರೆ ಹಣೆಯನ್ನು ಗೋಡೆಗೆ ಒತ್ತಿಕೊಂಡು ನಿಲ್ಲುತ್ತಿದ್ದ.

"ರುತಿಲಿಯೊ, ಅವತ್ತು ನಿನ್ನ ಹೆಸರೂ ಒಂದು ಸೇರಿಸಬಾರದಿತ್ತೇನೋ?" ಎಂದು ಒಮ್ಮೆ ಕೇಳಿದೆ.

"ಒಂದು ಮುಖವಾಡಕ್ಕೆ ಎರಡು ಹೆಸರು ಹೇಳಿದ್ರೆ ಜನ ಕುರ್ಚಿ ಎಸೀತಿದ್ರು ಅತ್ತಿಗೆ." ನಕ್ಕ, ಹಲ್ಲಿಲ್ಲದ ಬಾಯಿ. "ಅವನ ಮುಖದಿಂದ ಅದನ್ನ ಬಿಚ್ಚಿದ್ದು ನಾನು. ತಿರುಗಿಸಿ ಕೊಡ್ಬೇಕಿತ್ತು, ಕೊಟ್ಟೆ."

"ಪಟ್ಟೆಲ್ಲ ನಿಂದು ಕಣೋ. ಹಾರಿದ್ದು ನೀನು."

"ಈಗ ಹೇಳ್ತೀರಾ? ಆಗ ಲಾಡಿ ಎಳೆದು ಎಳೆದು ನನ್ನ ಕಿವಿ ಕಿತ್ತಿದ್ರಲ್ಲ!" ಎಂದ. ಆಮೇಲೆ ಸಣ್ಣ ದನಿಯಲ್ಲಿ, "ಈ ಊರಲ್ಲಿ ನನ್ನನ್ನ ರುತಿಲಿಯೊ ಅನ್ನೋರು ನೀವೊಬ್ರೇ. ಸ್ವಲ್ಪ ಜೋರಾಗೇ ಕರೀತಿರಿ," ಎಂದ.

ಆಮೇಲಿನ ಚಳಿಗಾಲ ಅವನು ದಾಟಲಿಲ್ಲ. ಪೆಟ್ಟಿಗೆ ಹೊತ್ತವನು ಹೊತ್ತಂತೆಯೇ ಕುಸಿದ. ತಲೆಯೊಳಗೆ ಏನೋ ಒಡೆದಿದೆ ಎಂದರು ಆಸ್ಪತ್ರೆಯಲ್ಲಿ. ಒಡೆಯದೆ ಏನು ಮಾಡೀತು?

ಸ್ಮಶಾನಕ್ಕೆ ಅರ್ಧ ನೆಸಾ ಬಂತು. ಚೋಲೆ ಕಪ್ಪು ಬಟ್ಟೆ ತಂದು ನನಗೆ ಉಡಿಸಿದಳು. ಗಂಡ ಸತ್ತು ಅಷ್ಟು ವರ್ಷಕ್ಕೆ ಕಪ್ಪು ಉಟ್ಟೆ, ಮೈದುನನ ಪೆಟ್ಟಿಗೆಯ ಪಕ್ಕದಲ್ಲಿ. ದೊನ್ ಅಬುಂದಿಯೊ ಹೂವಿನ ದೊಡ್ಡ ಚಕ್ರ ತಂದಿದ್ದ, ಅದರ ಮೇಲೆ ಹೊಳೆಯುವ ಅಕ್ಷರ: ಫಿದೆನ್ಸಿಯೊ ಕುವಾಟ್ಲೆ, ಕಾರ್ಬೊನೆರೊ. ಶಿಲುಬೆಯ ಮೇಲೂ ಅದನ್ನೇ ಬರೆಸಿದ್ದ. ಗುಂಡಿಗೆ ಪೆಟ್ಟಿಗೆ ಇಳಿಯುತ್ತಿತ್ತು. ಇನ್ನು ತಡೆಯಲಾಗಲಿಲ್ಲ.

ಗುಂಡಿಯ ಅಂಚಿಗೆ ಹೋಗಿ ನಿಂತೆ. ಎಲ್ಲರ ಕಡೆ ತಿರುಗಿ ಗಂಟಲು ಹರಿಯುವ ಹಾಗೆ ಕೂಗಿದೆ: "ಇವನ ಹೆಸ್ರು ರುತಿಲಿಯೊ ಕುವಾಟ್ಲೆ! ಊರು ಕೊಂತ್ಲ! ಹದಿನೇಳು ವರ್ಷ ಕುಸ್ತಿ ಆಡಿದಾನೆ!"

"ಹೇಳಿ ದೊನ್ ಅಬುಂದಿಯೊ, ನೀವಾದ್ರೂ ಹೇಳಿ!" ಎಂದೆ. ಅವನು ಕೈಯಲ್ಲಿದ್ದ ಟೋಪಿಯ ಅಂಚನ್ನು ನೋಡುತ್ತಾ ನಿಂತ.

ಚೋಲೆ ಓಡಿ ಬಂದು ನನ್ನನ್ನು ತಬ್ಬಿಕೊಂಡಳು. ಅವಳ ಕಣ್ಣಲ್ಲಿ ನಿಜವಾದ ನೀರಿತ್ತು. "ಅಳು ಎರ್ಮೆ, ಅತ್ತುಬಿಡು," ಎಂದು ಬೆನ್ನು ಸವರಿ, ಜನರ ಕಡೆ ತಿರುಗಿ ಹೇಳಿದಳು: "ಪಾಪ, ದುಃಖದಲ್ಲಿ ಗಂಡನ ಹೆಸರೇ ಮರ್ತೋಯ್ತು ಇವಳಿಗೆ."

ಯಾರೋ ಚಪ್ಪಾಳೆ ಶುರು ಮಾಡಿದರು, ಜಟ್ಟಿಗಳನ್ನು ನಾವು ಕಳಿಸುವುದೇ ಹಾಗೆ. ಆಮೇಲೆ ಎಲ್ಲರೂ ಒಟ್ಟಿಗೆ ಫಿದೆನ್ಸಿಯೊ, ಫಿದೆನ್ಸಿಯೊ ಎಂದು ಕೂಗತೊಡಗಿದರು. ನಾನು ರುತಿಲಿಯೊ ಎಂದು ಕೂಗುತ್ತಲೇ ಇದ್ದೆ. ಮಣ್ಣು ಬೀಳುತ್ತಿತ್ತು. ನನ್ನ ದನಿ ನನಗೇ ಕೇಳಿಸಲಿಲ್ಲ.