ಭಾವನ ಆಕಾಶ, ಅಕ್ಕನ ಹೆಸರು

ನಮ್ಮ ಭಾವನಿಗೆ ಬೀದಿಯವರೆಲ್ಲ ಸೇರಿ ‘ಆಕಾಶರಾಯ’ ಎಂದು ಅಡ್ಡಹೆಸರಿಟ್ಟಿದ್ದಾರೆ. ಅದನ್ನವರು ಬಿರುದು ಎಂದುಕೊಂಡಿದ್ದಾರೆ. ನಾನು ಅವರನ್ನು ಬಹುವಚನದಲ್ಲಿ ಕರೆಯುತ್ತಿರುವುದೂ ಅಕ್ಕನ ಮುಖ ನೋಡಿ, ಅವರ ಯೋಗ್ಯತೆ ನೋಡಿ ಅಲ್ಲ. ಲಿಫ್ಟ್ ಕಂಪನಿಯೊಂದರ ಕೌಂಟರಿನಲ್ಲಿ ಕೂತು ದೂರು ಬರೆದುಕೊಳ್ಳುವುದು ಅವರ ಉದ್ಯೋಗ. ಯಾರೇ ಫೋನು ಮಾಡಿ ಲಿಫ್ಟ್ ನಡುವೆ ನಿಂತಿದೆ ಎಂದರೂ ಮೊದಲ ಮಾತು, “ನೀವೇ ತಪ್ಪು ಬಟನ್ ಒತ್ತಿರಬೇಕು, ನೋಡಿ.” ವರ್ಷಗಟ್ಟಲೆ ಹೀಗೇ ಹೇಳಿ ಹೇಳಿ, ತಪ್ಪು ಎಂಬುದು ಸದಾ ಫೋನಿನ ಆ ತುದಿಯಲ್ಲೇ ಇರುತ್ತದೆಂದು ಆ ಮನುಷ್ಯನಿಗೆ ಖಾತ್ರಿಯಾಗಿಬಿಟ್ಟಿದೆ.

ನಮ್ಮ ಊರಿಗೆ ದುಡಿಮೆ ಹುಡುಕಿಕೊಂಡು ಬಂದು ನೆಲೆಸಿದವರ ಭಾಷೆ ನಮ್ಮದೂ ಸೇರಿ ಹನ್ನೆರಡು. ಗ್ರಂಥಾಲಯದ ತಾರಸಿಯ ಮೇಲೆ ಸಂಜೆ ಸೇರಿ ಬರಿಗಣ್ಣಿನಲ್ಲೇ ನಕ್ಷತ್ರ ನೋಡುವ ಗುಂಪಿನಲ್ಲಿ ಇವರೆಲ್ಲ ಇದ್ದಾರೆ. ತಿಂಗಳಿಗೊಂದು ಆಕಾಶದ ನಕ್ಷೆ, ಜೊತೆಗೊಂದು ಪುಟ ವಿವರಣೆ. ಅದನ್ನು ಒಬ್ಬೊಬ್ಬರೂ ತಮ್ಮ ಭಾಷೆಗೆ ತಿರುಗಿಸಿ ತಮ್ಮವರಿಗೆ ಹಂಚುತ್ತಾರೆ. ಸಾಲಾಗಿ ನಿಂತ ಅವೇ ಮೂರು ನಕ್ಷತ್ರ ಒಬ್ಬರಿಗೆ ಸೊಂಟಪಟ್ಟಿ, ಒಬ್ಬರಿಗೆ ನೊಗ, ಇನ್ನೊಬ್ಬರಿಗೆ ಹೊಳೆ ದಾಟುತ್ತಿರುವ ಅಕ್ಕತಂಗಿಯರು. ಓದಲು ಎಷ್ಟು ಚೆನ್ನ! ಇದಕ್ಕೆಲ್ಲ ಸಂಚಾಲಕರು ನಮ್ಮ ಭಾವ. ನಮ್ಮ ಭಾಷೆ ಬಿಟ್ಟರೆ ಬೇರೊಂದರ ಅಕ್ಷರ ಅವರಿಗೆ ಬಾರದು. ಆದರೂ ಹನ್ನೆರಡು ಭಾಷೆಯ ಪ್ರತಿಗಳ ಮೇಲೂ ಅವರದೇ ಹೆಸರು, ಅದೂ ದಪ್ಪಕ್ಷರದಲ್ಲಿ.

ನಕ್ಷೆ ಬರೆಯುವವಳು ನಮ್ಮಕ್ಕ. ನಾಮಫಲಕದ ಅಂಗಡಿಯಲ್ಲಿ ವಕೀಲರ, ದಂತವೈದ್ಯರ, ಬೀಗದಂಗಡಿಯವರ ಹೆಸರು ಬರೆದು ಬರೆದು ಬೆರಳ ಸಂದಿಯಲ್ಲಿ ಬಣ್ಣ ಕೂತುಬಿಟ್ಟಿದೆ. ಅವಳ ಹೆಸರು ಮಾತ್ರ ಮನೆಯ ಕರೆಂಟು ಬಿಲ್ಲಿನಲ್ಲೂ ಇಲ್ಲ. ಈ ಸಲ ಅನುವಾದಕರೆಲ್ಲ ಪಟ್ಟು ಹಿಡಿದರು: ನಕ್ಷೆಯ ಕೆಳಗೆ ಬರೆದಾಕೆಯ ಹೆಸರು ಬರಲೇಬೇಕು. ಅಕ್ಕ “ಅದೆಲ್ಲಾ ಯಾಕೆ?” ಎಂದು ಬಾಯಲ್ಲಿ ಹೇಳಿದಳು. ಆದರೆ ಹಳೆಯ ರಟ್ಟಿನ ಮೇಲೆ ತನ್ನ ಹೆಸರನ್ನೇ ಆರೇಳು ಥರ ಬರೆದು ನೋಡುತ್ತಿದ್ದುದು ನನ್ನ ಕಣ್ಣಿಗೆ ಬಿತ್ತು. ನನಗೆ ಅಳುವೇ ಬಂತು. ಭಾವನ ಮುಖ ಹರಳೆಣ್ಣೆ ಕುಡಿದಂತಾಯಿತು.

ಮುದ್ರಣಕ್ಕೆ ಹೋಗುವ ಮುನ್ನ ಊಟದ ಮೇಜಿನ ಮೇಲೆ ನಕ್ಷೆ ಹರಡಿ ಶುರು ಮಾಡಿದರು.

“ಇದೇನೇ ಇದು, ಪೂರ್ವ ಎಡಗಡೆ ಹಾಕಿದೀಯ! ಯಾವ ಲೋಕದಲ್ಲಿ ಪೂರ್ವ ಎಡಕ್ಕಿರುತ್ತೆ?”

“ರೀ, ಇದು ನೆಲದ ನಕ್ಷೆ ಅಲ್ಲ. ತಲೆ ಮೇಲೆ ಎತ್ತಿ ಹಿಡ್ಕೊಂಡು ನೋಡಿ, ದಿಕ್ಕು ಸರಿಯಾಗೇ ಇರುತ್ತೆ.”

“ಶಾಲೆ ಮಕ್ಕಳಿಗೂ ಗೊತ್ತಿರೋದು ನಿಂಗೊತ್ತಿಲ್ಲ. ಹೆಸರು ಬೇರೆ ಬೇಕಂತೆ, ಹೆಸರು!”

ಒಂದೇ ಒಂದು ಸಲ ಕೈಯೆತ್ತಿ ನೋಡಿದ್ದರೆ ಮುಗಿಯುತ್ತಿತ್ತು. ಆಕಾಶರಾಯರಿಗೆ ಆಕಾಶ ನೋಡಲು ಪುರುಸೊತ್ತೆಲ್ಲಿ? ಮರುದಿನ ತಾವೇ ಮುದ್ರಣಾಲಯಕ್ಕೆ ಹೋಗಿ ಎಲ್ಲ ಭಾಷೆಯ ಪ್ರತಿಗಳಲ್ಲೂ ಎಡದ ಪದ ಬಲಕ್ಕೆ, ಬಲದ್ದು ಎಡಕ್ಕೆ ಹಾಕಿಸಿ ಬಂದರು. ಅಷ್ಟಕ್ಕೆ ಓದಲು ಬರಬೇಕೆಂದೇನಿಲ್ಲವಲ್ಲ.

ನಕ್ಷೆ ಅಕ್ಕನ ಹೆಸರಿನೊಂದಿಗೇ ಹೊರಬಂತು. ಆ ತಿಂಗಳು ಪಶ್ಚಿಮದ ನಕ್ಷತ್ರಗಳನ್ನು ಹುಡುಕುತ್ತ ಜನ ಪೂರ್ವಕ್ಕೆ ಮುಖ ಮಾಡಿ ಎದುರುಮನೆಯ ನೀರಿನ ಟ್ಯಾಂಕು ನೋಡುತ್ತ ನಿಂತರು. ಕತ್ತು ನೋವು ಬಂದದ್ದಷ್ಟೇ ಲಾಭ. ದೂರಿನ ಮೇಲೆ ದೂರು ಬಂತು. ಭಾವ ಏನು ಮಾಡಿದರು ಗೊತ್ತೇ? ಕ್ಷಮಾಪಣೆ ಬರೆದರು: “ನಕ್ಷೆ ಬರೆದ ಕಲಾವಿದೆಯ ಅಜ್ಞಾನದಿಂದ ದಿಕ್ಕುಗಳು ತಪ್ಪಿವೆ. ಸಂಚಾಲಕರು ವಿಷಾದಿಸುತ್ತಾರೆ.” ಥೂ! ತಪ್ಪು ಬಟನ್ ಒತ್ತಿದವಳು ಕೊನೆಗೆ ಅಕ್ಕನೇ ಆದಳು. ನಮ್ಮ ಭಾಷೆಯಲ್ಲಿ ಅದನ್ನು ಮೊದಲೇ ಹಂಚಿ, ಅನುವಾದ ಮಾಡಿಕೊಡಿ ಎಂದು ಉಳಿದ ಹನ್ನೊಂದು ಭಾಷೆಯ ಅನುವಾದಕರಿಗೂ ಕಳಿಸಿದರು.

“ನಾಚಿಕೆ ಆಗಲ್ವಾ ಭಾವ?” ಎಂದು ಕೇಳಿದೆ.

“ನೀನು ಹೋಗಿ ಕನ್ನಡಕ ಮಾರ್ಕೋ,” ಎಂದರು. ಕನ್ನಡಕದ ಅಂಗಡಿಯಲ್ಲಿ ಕೆಲಸ ನನ್ನದು, ನಿಜ. ಆದರೆ ಆ ಕಣ್ಣಿಗೆ ಹೊಂದುವಂಥದ್ದು ನಮ್ಮಲ್ಲಿ ಯಾವುದೂ ಇಲ್ಲ.

ಅಕ್ಕನ ಅಂಗಡಿಗೆ ಬಂದ ದಂತವೈದ್ಯ, “ನಮ್ಮ ಬೋರ್ಡಿನ ಬಾಣದ ಗುರುತು ಮಾತ್ರ ಬೇರೆಯವರ ಕೈಲಿ ಬರೆಸಿಬಿಡಿ,” ಎಂದು ಎಲ್ಲರೆದುರು ನಕ್ಕನಂತೆ. ಮನೆಗೆ ಬಂದವಳು ನಕ್ಷೆಯ ಕುಂಚಗಳನ್ನೆಲ್ಲ ತೊಳೆದು ಡಬ್ಬಿಗೆ ತುಂಬಿ ಅಟ್ಟಕ್ಕೆ ಹಾಕಿದಳು. “ಸಾಕು ಕಣೇ. ಇನ್ನು ಬರೆಯಲ್ಲ,” ಎಂದಳು.

ಅನುವಾದಗಳು ಬಂದವು. ಭಾವ ಅವನ್ನು ತಮ್ಮ ಬರಹದ ಕೆಳಗೆ ಒಟ್ಟಿಗೆ ಸೇರಿಸಿ, ಸುತ್ತ ಚಿನ್ನದ ಬಣ್ಣದ ಅಂಚು ಕೊಟ್ಟು, ದೊಡ್ಡ ಹಾಳೆಯಲ್ಲಿ ಮುದ್ರಿಸಿ ಗ್ರಂಥಾಲಯದ ಬಾಗಿಲಿಗೆ ಅಂಟಿಸಿದರು. ಲಿಫ್ಟುಗಳ ಒಳಗೂ ಅಂಟಿಸಿದರು. ಕ್ಷಮೆ ಕೇಳುವುದಕ್ಕೂ ಎದೆಯುಬ್ಬಿಸಿಕೊಂಡು ಓಡಾಡಿದವರನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಒಂದು ಸಂಜೆ ಔಷಧಿ ಅಂಗಡಿಯಾಕೆ ಕನ್ನಡಕದ ಕಡ್ಡಿ ಸರಿ ಮಾಡಿಸಲು ಬಂದಳು. ಅವಳೂ ಅನುವಾದಕಿ.

“ನಿಮ್ಮ ಭಾವ ಎಂಥ ದೊಡ್ಡ ಮನುಷ್ಯರು ರೀ!” ಎಂದಳು.

“ಅವರ ಸುದ್ದಿ ಎತ್ತಬೇಡಿ,” ಎಂದೆ ಸಿಡಿದು.

ಅವಳು ಚೀಲದಿಂದ ಆ ಹಾಳೆ ತೆಗೆದು, ತನ್ನ ಭಾಷೆಯ ಸಾಲುಗಳ ಮೇಲೆ ಬೆರಳಿಟ್ಟು, ನಮ್ಮ ಭಾಷೆಯಲ್ಲಿ ಓದಿ ಹೇಳಿದಳು: “ನಕ್ಷೆ ಬರೆದಾಕೆ ಸರಿಯಾಗಿಯೇ ಬರೆದಿದ್ದರು. ಏನೂ ತಿಳಿಯದ ನಾನು ಮೂಗು ತೂರಿಸಿ ಕೆಡಿಸಿದೆ. ಅವರ ಹೆಸರಿಗೆ ಮಸಿ ಬಳಿದವನು ನಾನೇ.” ಕೆಳಗೆ ಭಾವನ ಹೆಸರು, ದಪ್ಪಕ್ಷರದಲ್ಲಿ.

“ನಿಮ್ಮಕ್ಕ ಮೊದಲು ಕಳಿಸಿದ ನಕ್ಷೆ ನಮ್ಮೆಲ್ಲರ ಹತ್ರ ಇತ್ತಲ್ಲ,” ಎಂದಳು. “ಹನ್ನೊಂದು ಜನಾನೂ ಮಾತಾಡ್ಕೊಂಡೇ ಹೀಗೆ ಬರೆದ್ವಿ.”

ಅಂಗಡಿ ಬಿಟ್ಟು ಅಕ್ಕನ ಮನೆಗೆ ಓಡಿದೆ. ಕೇಳಿದವಳು ನಗತೊಡಗಿದಳು ನೋಡಿ, ಕಣ್ಣಲ್ಲಿ ನೀರು ಸುರಿಯುವವರೆಗೂ ನಕ್ಕಳು. ನಮ್ಮ ಭಾಷೆಯ ಸಾಲಿನಲ್ಲಿ ಸುಳ್ಳು ಇನ್ನೂ ಹಾಗೇ ಇದೆ. ಅದು ನನಗೆ ಈಗಲೂ ಉರಿಯುತ್ತದೆ. ಅಕ್ಕ ಮಾತ್ರ ಸ್ಟೂಲು ಹತ್ತಿ ಅಟ್ಟದಿಂದ ಕುಂಚದ ಡಬ್ಬಿ ಇಳಿಸಿದಳು.

ಅಷ್ಟರಲ್ಲಿ ಭಾವ ಬಂದರು, ಕಂಕುಳಲ್ಲಿ ಹೊಸ ಕಟ್ಟು. “ಜನ ಕೇಳಿ ಕೇಳಿ ತಗೊಂಡು ಹೋಗ್ತಿದಾರೆ ಕಣೇ! ಓದಿ ನನ್ನ ಕಡೆ ನೋಡಿ ನಗ್ತಾರೆ, ಅಷ್ಟು ಪ್ರೀತಿ. ಇನ್ನೂ ಐನೂರು ಹಾಕಿಸಿದೀನಿ.”

ನಾನು ಬಾಯಿ ತೆರೆದೆ. ಅಕ್ಕ ನನ್ನ ತೋಳು ಚಿವುಟಿದಳು.

“ಐನೂರು ಸಾಕಾಗುತ್ತೇನ್ರೀ?” ಎಂದಳು.