ಬೆಲ್ಟಿಗೆ ಎಣ್ಣೆ ಹಾಕಿದವಳು

ಹೊಲಿಗೆ ಮಿಷನ್ ರಿಪೇರಿಯವನನ್ನು ಮದುವೆಯಾದರೆ ಮನೆಯಲ್ಲಿ ಒಂದು ಬಾಗಿಲೂ ಕಿರ್ರೆನ್ನುವುದಿಲ್ಲ, ಅದೇನೋ ನಿಜ. ಆದರೆ ಬಾಗಿಲಿಗೆ ಬಿದ್ದ ಎಣ್ಣೆ ಪರದೆಗೂ ಬರುತ್ತದೆ, ಟವೆಲಿಗೂ ಬರುತ್ತದೆ, ದಿಂಬಿಗೂ ಬರುತ್ತದೆ. ಅವಳು ಟೈಲರ್. ಜನ ಹೊಲಿಯಲು ಕೊಟ್ಟ ಬಟ್ಟೆಗೆ ಗಂಡನ ಕೈ ತಗುಲದಂತೆ ಕಾಯುವುದರಲ್ಲೇ ಅವಳ ಅರ್ಧ ಆಯುಸ್ಸು ಕಳೆದಿತ್ತು. ಯಾವುದು ಸದ್ದು ಮಾಡಿದರೂ ಅವನಿಗೆ ಕಾಣುತ್ತಿದ್ದ ಔಷಧಿ ಒಂದೇ, ಜೇಬಿನಲ್ಲಿರುವ ಆ ಉದ್ದ ಮೂತಿಯ ಎಣ್ಣೆ ಡಬ್ಬಿ.

ಪೇಟೆಯ ಹೊಲಿಗೆ ಅಂಗಡಿಗಳಲ್ಲಿ ಅವನನ್ನು ಮಿಷನ್ ಮೇಷ್ಟ್ರು ಎನ್ನುತ್ತಿದ್ದರು. ಮೇಷ್ಟ್ರ ಹಾಗೇ ಬೈಯುತ್ತಿದ್ದುದಕ್ಕೆ ಬಂದ ಹೆಸರು. ಗೊತ್ತಿಲ್ಲದಿದ್ದರೆ ಮುಟ್ಟಬೇಡಿ, ನನ್ನನ್ನು ಕರೆಯಿರಿ ಎನ್ನುವುದು ಅವನ ನಿತ್ಯದ ಪಾಠ. ಮದುವೆಗೆ ಮುಂಚೆ ಅವಳೂ ಅವನಿಂದ ಬೈಸಿಕೊಂಡಿದ್ದಳು. ಕಾಲಲ್ಲಿ ತುಳಿಯುವ ಮಿಷನ್ನಿನ ಚರ್ಮದ ಬೆಲ್ಟು ಕಿರುಗುಟ್ಟುತ್ತದೆಂದು ಅದಕ್ಕೆ ಎಣ್ಣೆ ಸವರಿಬಿಟ್ಟಿದ್ದಳು. ಕೆಳಗಿನ ಚಕ್ರ ತಿರುಗಿತು, ಮೇಲಿನದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ರಿಪೇರಿಗೆ ಬಂದವನು ಆ ಬೆಲ್ಟನ್ನು ಸತ್ತ ಹಾವಿನಂತೆ ಎತ್ತಿ ಹಿಡಿದು, "ಹಿಡೀಬೇಕಾದ ಕಡೆ ಯಾರಾದ್ರೂ ಎಣ್ಣೆ ಹಾಕ್ತಾರೇನ್ರಿ?" ಎಂದು ಕೇಳಿದ್ದ. ಅಲ್ಲಿಂದಾಚೆಗೆ ಮನೆಗೆ ಯಾರೇ ನೆಂಟರು ಬರಲಿ, ಆ ಕಥೆ ಹೊರಗೆ ಬರಲೇಬೇಕು. ಮಗಳು ಓದು ಮುಗಿಸಿ ಕೆಲಸ ಹಿಡಿದರೂ ಅವನು ಅದನ್ನು ಬಿಟ್ಟಿರಲಿಲ್ಲ.

ಊರಿಗೆಲ್ಲ ಬುದ್ಧಿ ಹೇಳುವ ಈ ಮಹಾನುಭಾವ ತನ್ನ ಬೈಕಿನ ಮುಂದೆ ಕೂತರೆ ಬೇರೆಯೇ ಮನುಷ್ಯ. ಚೈನಿಗೆ ಎಣ್ಣೆ ಬಿಡುವುದು, ಪ್ಲಗ್ ಉಜ್ಜುವುದು, ಎಂಜಿನ್ ಆಯಿಲ್ ಬದಲಿಸುವುದು ಮಾಡಿಕೊಳ್ಳಲಿ, ಯಾರು ಬೇಡ ಅಂದರು? ಅವು ಅವನಿಗೆ ಚೆನ್ನಾಗಿಯೇ ಬರುತ್ತಿದ್ದವು. ಅಷ್ಟಕ್ಕೆ ನಿಲ್ಲಬೇಕಲ್ಲ! ಹಾರ್ನ್ ಬಿಚ್ಚಿ ಜೋಡಿಸಿದ ಮೇಲೆ ಅದು ತಿರುವಿನಲ್ಲಿ ತಾನಾಗಿಯೇ ಕೂಗಿಕೊಳ್ಳತೊಡಗಿತು. ಕಾರ್ಬುರೇಟರ್ ಬಿಚ್ಚಿದ ಮೇಲೆ ಗಾಡಿಗೆ ಬೆಳಗಿನ ಕೆಮ್ಮು ಹಿಡಿಯಿತು. ಇಳಿಜಾರಿನ ಬುಡದಲ್ಲೇ ಗ್ಯಾರೇಜಿದೆ, ತೋರಿಸಿ ಬನ್ನಿ ಎಂದರೆ, ಇಷ್ಟು ಸಣ್ಣ ಸೂಜಿಯ ಕೆಲಸ ಮಾಡುವವನಿಗೆ ಇದೇನು ಮಹಾ ಎನ್ನುತ್ತಿದ್ದ. ಅವಳಿಗೆ ಹೇಳೀ ಹೇಳೀ ಬಾಯಿ ಬತ್ತಿತ್ತು.

ಈಗ ಬ್ರೇಕಿನ ಸರದಿ. ಸೋಮವಾರದಿಂದ ಬೈಕು ಮಗಳದ್ದು. ಅವಳ ಆಸ್ಪತ್ರೆಯ ಲ್ಯಾಬಿನ ಕೆಲಸ ನಸುಕಿಗೇ ಶುರು, ಆ ಹೊತ್ತಿಗೆ ಬಸ್ಸಿಲ್ಲ. ಮನೆಯಿಂದ ಹೊರಟರೆ ಕಡಿದಾದ ಇಳಿಜಾರು, ಅದರ ತುದಿಗೆ ಲಾರಿಗಳು ಓಡುವ ಹೆದ್ದಾರಿ. ಇಂಥ ಕಡೆ ಬ್ರೇಕ್ ಒತ್ತಿದರೆ ಗಾಡಿ ಕೀರಲು ದನಿಯಲ್ಲಿ ಅರಚುತ್ತಿತ್ತು. ಈ ಒಂದನ್ನಾದರೂ ಗ್ಯಾರೇಜಿಗೆ ಕೊಡಿ ಎಂದು ಹೆಂಡತಿ ವಾರವಿಡೀ ಗೋಗರೆದಳು. ಭಾನುವಾರ ಬೆಳಿಗ್ಗೆ ನೋಡಿದರೆ, ಅವಳು ಒಗೆದು ಮಡಚಿಟ್ಟಿದ್ದ ಬೆಡ್‌ಶೀಟನ್ನೇ ಅಂಗಳದಲ್ಲಿ ಹಾಸಿ, ಎರಡೂ ಚಕ್ರ ಕಳಚಿ ಅದರ ಮೇಲೆ ಮಲಗಿಸಿದ್ದ. ಅವಳು ತಲೆ ಚಚ್ಚಿಕೊಂಡು ಒಳಗೆ ಹೋದಳು.

ಸಂಜೆ ಹೊತ್ತಿಗೆ ಚಕ್ರಗಳು ಸ್ವಸ್ಥಾನ ಸೇರಿದವು. ಒಂದಿಷ್ಟೂ ಸದ್ದಿಲ್ಲ, ಬೇಕಾದರೆ ಕೇಳು ಎಂದು ಅವನು ಗಾಡಿಯನ್ನು ಅಂಗಳದಲ್ಲೇ ಹಿಂದೆ ಮುಂದೆ ತಳ್ಳಿ ತೋರಿಸಿದ. ಮಗಳು ಕೀಲಿಗೆ ಕೈ ಚಾಚಿದಳು. ತಾಯಿಗೆ ಏನನ್ನಿಸಿತೋ, ಅಡ್ಡ ಬಂದು, ಮೊದಲು ನನ್ನನ್ನು ಕೂರಿಸಿಕೊಂಡು ಇಳಿಜಾರು ಇಳಿಸಿ, ಆಮೇಲೆ ಮಗಳಿಗೆ ಕೊಡಿ ಎಂದು ಹಠ ಹಿಡಿದು ಹಿಂದೆ ಹತ್ತಿ ಕೂತಳು.

ಇಳಿಜಾರು ಸಿಕ್ಕಿದ ಕೂಡಲೇ ಎಂಜಿನ್ ಆಫ್ ಮಾಡುವುದು ಅವನ ಚಾಳಿ. ಪೆಟ್ರೋಲ್ ಉಳಿಯುತ್ತದಂತೆ. ಆಫ್ ಮಾಡಿದ. ಗಾಡಿ ಓಡಿತು. ಅವನು ಬ್ರೇಕ್ ಒತ್ತಿದ. ಸದ್ದು ಬರಲಿಲ್ಲ, ಮಾತು ಉಳಿಸಿಕೊಂಡಿದ್ದ. ಗಾಡಿಯೂ ನಿಲ್ಲಲಿಲ್ಲ. ಕೈಯದನ್ನು ಹಿಡಿದ, ಕಾಲಿನದನ್ನು ತುಳಿದ, ಕೊನೆಗೆ ಎರಡೂ ಕಾಲನ್ನು ನೆಲಕ್ಕೆ ಊರಿ ಎಳೆದ. ಒಂದು ಚಪ್ಪಲಿ ಹಿಂದೆಯೇ ಉಳಿಯಿತು. ಎದುರಿಗೆ ಹೆದ್ದಾರಿ ಕಂಡಿತು. ಯಾರೋ ಮನೆ ಕಟ್ಟಿಸಲು ರಸ್ತೆ ಬದಿ ಸುರಿಸಿದ್ದ ಮರಳಿನ ರಾಶಿಗೆ ಅವನು ಹ್ಯಾಂಡಲ್ ತಿರುಗಿಸಿದ. ಗಾಡಿ ಅದರೊಳಗೆ ಮೂತಿ ಹೂತು ನಿಂತಿತು. ಇಬ್ಬರೂ ಮರಳಿನಲ್ಲಿ ಬಿದ್ದರು. ಒಂದು ಲಾರಿ ಹಾರ್ನ್ ಬಾರಿಸುತ್ತ ಹೆದ್ದಾರಿಯಲ್ಲಿ ಹಾದುಹೋಯಿತು.

ಅವಳು ಎದ್ದು ಬಾಯಿಯ ಮರಳು ಉಗುಳಿ, ಒಳಗೆ ಏನು ಮಾಡಿದಿರಿ ಎಂದು ಕೇಳಿದಳು. ಕಿರುಗುಟ್ಟುತ್ತಿತ್ತಲ್ಲ, ಅದಕ್ಕೇ ಎಂದು ಅವನು ತೊದಲಿದ. ಮುಂದಿನದನ್ನು ಹೇಳಬೇಕಾಗಿರಲಿಲ್ಲ, ಕೈ ತಾನಾಗಿ ಜೇಬಿನ ಡಬ್ಬಿಯ ಮೇಲೆ ಹೋಗಿತ್ತು. ಇಷ್ಟು ವರ್ಷ ಕಾದ ಮಾತು, ಹೇಳುವಾಗ ಅವಳಿಗೆ ನಗು ಬರಬೇಕಿತ್ತು. ಬರಲಿಲ್ಲ. ಕಣ್ಣ ಮುಂದೆ ಇದ್ದದ್ದು ಮಗಳು ಒಬ್ಬಳೇ ಕೂತ ಬೈಕು.

"ಹಿಡೀಬೇಕಾದ ಕಡೆ ಯಾರಾದ್ರೂ ಎಣ್ಣೆ ಹಾಕ್ತಾರೇನ್ರಿ?"

ಅವನು ಮರಳಿನ ಮೇಲೇ ಕುಸಿದು ಕೂತ. "ನಾಳೆಯಿಂದ ಅವಳು ಓಡ್ಸೋ ಗಾಡಿ ಕಣೇ. ಕಂಡೋರ ಕೈಗೆ ಹೇಗೆ ಬಿಡ್ಲಿ ಅಂತ…"

"ಅವಳು ಓಡ್ಸೋ ಗಾಡಿ ಅಂತಾನೇ ಬಿಡಬೇಕಿತ್ತು."

ಒಂದೇ ಚಪ್ಪಲಿಯಲ್ಲಿ ಅವನು ಗಾಡಿ ತಳ್ಳಿಕೊಂಡು ಗ್ಯಾರೇಜಿಗೆ ಹೋದ. ಅವಳು ಹಿಂದೆಯೇ ನಡೆದಳು, ನಂಬಿಕೆ ಎಲ್ಲಿತ್ತು? ಗ್ಯಾರೇಜಿನವನು ಚಕ್ರ ಬಿಚ್ಚಿ ಮೂಸಿ ನೋಡಿ, ಯಾವ ಪುಣ್ಯಾತ್ಮ ಇದಕ್ಕೆ ಕೈ ಹಾಕಿದ್ದು ಎಂದ. ಈಗೇನು ನೆಪ ಹೇಳುತ್ತಾನೋ ನೋಡೋಣ ಎಂದು ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ನಾನೇ," ಎಂದ ಮಿಷನ್ ಮೇಷ್ಟ್ರು. "ಗೊತ್ತಿಲ್ದೆ ಮುಟ್ಟಿದೆ."

ಮಾರನೆಯ ನಸುಕಿಗೆ ಮಗಳು ಹೊರಟಾಗ ಇಬ್ಬರೂ ಗೇಟಿನಲ್ಲಿ ನಿಂತಿದ್ದರು. ಬೈಕು ಇಳಿಜಾರಿನಲ್ಲಿ ಸಣ್ಣದಾಗುತ್ತ ಹೋಗಿ, ಹೆದ್ದಾರಿಯ ಅಂಚಿಗೆ ಹಿಂದಿನ ಕೆಂಪು ದೀಪ ಹೊತ್ತಿಸಿಕೊಂಡು ಗಪ್ಪನೆ ನಿಂತಿತು. ಆಮೇಲೆ ತಿರುಗಿ ಮರೆಯಾಯಿತು. ಅಲ್ಲಿಯವರೆಗೂ ಅವನು ಅವಳ ತೋಳನ್ನು ಬಿಗಿಯಾಗಿ ಹಿಡಿದಿದ್ದನೆಂದು ಅವಳಿಗೆ ತಿಳಿದದ್ದು ಅವನು ಕೈ ಬಿಟ್ಟಾಗಲೇ. ಹೊಸ ಬಟ್ಟೆಯ ತೋಳಿನ ಮೇಲೆ ಐದು ಬೆರಳಿನ ಎಣ್ಣೆ ಗುರುತು ಮೂಡಿತ್ತು. ಬೈಯಲು ಬಾಯಿ ತೆರೆದವಳು ಆ ಗುರುತನ್ನು ಸೆರಗಿನಿಂದ ಮುಚ್ಚಿಕೊಂಡು ಒಳಗೆ ಹೋದಳು.