ದುರ್ಗಿಗುಡಿಯ ಒದ್ದೆ ಗೋಡೆ, ನಮ್ಮೂರಿನ ಪುಂಡಿಗಿಡ

ಜುಲೈ ತಿಂಗಳ ಒಂದು ಬೆಳಗ್ಗೆ ನನ್ನ ಗಂಡನ ಚರ್ಮದ ಬೆಲ್ಟಿಗೆ ಬಿಳಿ ಕೂದಲು ಬೆಳೆದಿತ್ತು. ಬೀರುವಿನಿಂದ ಅವರು ಅದನ್ನು ಎಳೆದಾಗ ಬೆಕ್ಕಿನ ಬಾಲವೇ ಕೈಗೆ ಬಂತೆಂದು ನಾನು ಕಿರುಚಿದೆ. ಅಡುಗೆಮನೆಗೆ ಹೋದರೆ ಡಬ್ಬಿಯೊಳಗೆ ಉಪ್ಪು ನೀರಾಗಿ ಕೂತಿದೆ. ಹಜಾರದ ಗೋಡೆಗೆ ಕೈಯಿಟ್ಟರೆ ಅಂಗೈ ಒದ್ದೆ, ಬಣ್ಣ ಹಪ್ಪಳದ ಹಾಗೆ ಎದ್ದು ಬಂತು. ವಿಜಯಪುರದಲ್ಲಿ ಹುಟ್ಟಿ ಬೆಳೆದ ನಾನು ಅಲ್ಲಿಯವರೆಗೆ ಮನುಷ್ಯರು ಬೆವರುವುದನ್ನು ನೋಡಿದ್ದೆ, ಗೋಡೆ ಬೆವರುವುದನ್ನು ನೋಡಿರಲಿಲ್ಲ.

ನನ್ನ ಕಿರುಚಾಟ ಕೇಳಿ ಪಕ್ಕದ ಮನೆಯ ಲಲಿತಮ್ಮ ಓಡಿ ಬಂದರು. ಬೆಲ್ಟು ನೋಡಿ ನಕ್ಕೇ ನಕ್ಕರು.

"ಬೂಷ್ಟು ಮಾರಾಯ್ತಿ ಅದು! ಬಟ್ಟೇಲಿ ಒರೆಸಿ, ಹೊಳವು ಆದಾಗ ಹೊರಗೆ ಹಾಕಿ."

ಬೂಷ್ಟು ಎಂದರೆ ಹಳಸಿದ ಬ್ರೆಡ್ಡಿನ ಮೇಲೆ ಬರುತ್ತದಲ್ಲ, ಅದು. ಹೊಳವು ಎಂದರೆ ಮಳೆ ಉಸಿರು ತೆಗೆದುಕೊಳ್ಳಲು ನಿಲ್ಲುವ ಅರ್ಧ ಗಂಟೆ. ನಮ್ಮ ಕಡೆ ಮಳೆ ಬಂದರೆ ಹಬ್ಬ, ನಿಂತರೆ ಮಾಮೂಲು. ಇಲ್ಲಿ ನಿಂತದ್ದಕ್ಕೂ ಒಂದು ಹೆಸರಿದೆ.

ನಾವಿಬ್ಬರೂ ಹೈಸ್ಕೂಲು ಮೇಷ್ಟ್ರುಗಳು. ಅವರಿಗೆ ಆಯನೂರಿನ ಹತ್ತಿರ, ನನಗೆ ಶಿವಮೊಗ್ಗದಲ್ಲೇ ಕೆಲಸ. ಮೂರು ವರ್ಷ ಮಹಡಿಯ ಮೇಲಿನ ಬಾಡಿಗೆ ಮನೆಗಳಲ್ಲಿದ್ದು ಸಾಕಾಗಿ, ದುರ್ಗಿಗುಡಿಯ ಒಂದು ಓಣಿಯಲ್ಲಿ ಈ ಹಳೆಯ ಮನೆಯನ್ನು ಹಟ ಹಿಡಿದು ಕೊಳ್ಳಿಸಿದವಳು ನಾನು. ಶಾಲೆಗೆ ನಡೆದೇ ಹೋಗಬಹುದು, ದಪ್ಪ ಗೋಡೆ, ನಮ್ಮೂರಿನ ಮನೆಗಳ ಹಾಗೆ ತಂಪು. ಕೊಂಡದ್ದು ಮಾರ್ಚಿನಲ್ಲಿ. ಆಗ ಗೋಡೆಗೆ ಹೊಸ ಬಣ್ಣ ಹೊಳೆಯುತ್ತಿತ್ತು, ಎಲ್ಲೂ ಒಂದು ಕಲೆ ಇರಲಿಲ್ಲ. ಇನ್ನೂ ಗಟ್ಟಿಯಾಗಲಿ ಎಂದು ಹಜಾರದ ಗೋಡೆಯ ಕೆಳಭಾಗಕ್ಕೆ ನಾವೇ ಸಿಮೆಂಟು ಮೆತ್ತಿಸಿದೆವು.

ಮಳೆಗಾಲ ಶುರುವಾದ ಮೇಲೆ ನನ್ನ ಗಂಡನಿಗೆ ರಾತ್ರಿಯೆಲ್ಲ ಕೆಮ್ಮು. ಒಂದು ದಿನ ಅವರು ಚಹಾ ಲೋಟ ಕೆಳಗಿಟ್ಟು ತೀರ್ಪು ಕೊಟ್ಟರು.

"ಮುಂದಿನ ವರ್ಗಾವಣಿ ಅರ್ಜಿ ಕರಿಯೂದ್ರಾಗ ಈ ಗ್ವಾಡಿ ಒಣಗಿದ್ರ ಇಲ್ಲೇ ಇರೂಣು. ಒಣಗಲಿಲ್ಲಂದ್ರ ಮನಿ ಮಾರಿ ಊರಿಗೆ ಹೋಗೂಣು. ನೀ ಮತ್ತ ಹಟ ಮಾಡಬ್ಯಾಡ."

ಒಪ್ಪಿಕೊಂಡೆ. ಒಳಗೊಳಗೇ ಸಿಟ್ಟು ಕುದಿಯುತ್ತಿತ್ತು, ಅದು ಗಂಡನ ಮೇಲಲ್ಲ, ಮನೆ ಮಾರಿದ ಏಳುಮಲೈಯವರ ಮೇಲೆ. ಹೊಸ ಬಣ್ಣ ಬಳಿದು ಒದ್ದೆ ಮುಚ್ಚಿ ನಮಗೆ ಟೋಪಿ ಹಾಕಿದ್ದಾರೆ ಎಂದು ನನಗೆ ಖಾತ್ರಿಯಾಗಿತ್ತು. ಅವರು ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ಕುಲುಮೆಯ ಕೆಲಸ ಮಾಡಿ ನಿವೃತ್ತರಾದವರು. ಹೆಂಡತಿ ತೀರಿಕೊಂಡ ಮೇಲೆ ಮನೆ ಮಾರಿ ಭದ್ರಾವತಿಯ ಮಗಳ ಮನೆ ಸೇರಿದ್ದರು. ಭಾನುವಾರ ಗಂಡನನ್ನು ಎಳೆದುಕೊಂಡು ಬಸ್ಸು ಹತ್ತಿದೆ. ಬಾಗಿಲಲ್ಲೇ ನಿಂತು, ಅವರ ಮಗಳ ಎದುರಿಗೇ, ನಮ್ಮೂರಿನ ಭಾಷೆಯಲ್ಲಿ ಉಗಿದೆ.

"ವಯಸ್ಸಾದವರು ಹಿಂಗ ಮೋಸ ಮಾಡಬಾರದ್ರಿ! ಒದ್ದಿ ಗ್ವಾಡಿಗೆ ಬಣ್ಣ ಹಚ್ಚಿ ಮಾರೀರಿ."

ಅವರು ಸಿಟ್ಟಾಗಲಿಲ್ಲ. ಮುಖ ಮಾತ್ರ ಸಣ್ಣದಾಯಿತು.

"ಇಪ್ಪತ್ತೆರಡು ವರ್ಷ ಇದ್ದೆನಮ್ಮಾ ಅಲ್ಲಿ. ನನ್ನ ಹೆಂಡ್ತಿ ಸಾಯಂಕಾಲ ಆದ್ರೆ ಆ ಗೋಡೆಗೇ ಒರಗಿ ಕೂತ್ಕೊಂಡು ಹೂ ಕಟ್ತಾ ಇದ್ಲು. ಒದ್ದೆ ಗೋಡೆಗೆ ಯಾರಮ್ಮಾ ಒರಗ್ತಾರೆ? ನಡೀರಿ, ನಾನೇ ಬಂದು ನೋಡ್ತೀನಿ."

ಅಂಗಿ ಬದಲಿಸಿ ನಮ್ಮ ಜೊತೆಗೇ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಮೂವರೂ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದೆವು.

ಮನೆಯೊಳಗೆ ಕಾಲಿಟ್ಟವರೇ ಮೊದಲು ಮೂಗೆಳೆದರು.

"ಹಗಲು ಹೊತ್ತಲ್ಲಿ ಕಿಟಕಿ ಯಾಕಮ್ಮಾ ಮುಚ್ಚಿದೀರಿ?"

ಯಾಕೆಂದರೆ ನಮ್ಮೂರಿನಲ್ಲಿ ಒಂಬತ್ತು ಗಂಟೆಗೆ ಕಿಟಕಿ ಮುಚ್ಚದ ಹೆಂಗಸನ್ನು ಸೋಮಾರಿ ಎನ್ನುತ್ತಾರೆ. ಬಿಸಿಲ ಝಳ ಒಳಗೆ ಬರಬಾರದಲ್ಲ. ಬಿಸಿಲೇ ಇಲ್ಲದ ಊರಿಗೆ ಬಂದು ಮೂರು ವರ್ಷವಾದರೂ ನನ್ನ ಕೈ ಒಂಬತ್ತಾದರೆ ಚಿಲಕ ಹುಡುಕುತ್ತಿತ್ತು. ಅವರು ನಾಲ್ಕೂ ಕಿಟಕಿ ತೆರೆದರು. ಆಮೇಲೆ ಗೋಡೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಕೆಳಗಿಂದ ಮೇಲಕ್ಕೆ ಅಂಗೈಯಾಡಿಸಿದರು.

"ಮೇಲಿಂದ ಸೋರಿದ್ರೆ ಮೇಲೆ ಒದ್ದೆ ಇರ್ಬೇಕು. ಇದು ನೆಲದಿಂದ ಮೊಣಕಾಲೆತ್ತರ ಅಷ್ಟೇ. ಇದರ ಹಿಂದೆ ಹೊರಗೆ ಏನಿಟ್ಟಿದೀರಮ್ಮಾ?"

ಹೊರಗೆ ಇದ್ದದ್ದು ನನ್ನ ಹೆಮ್ಮೆ. ಗೋಡೆಯ ಬುಡಕ್ಕೆ ಒತ್ತಿದಂತೆ ಉದ್ದ ಪಾತಿ, ಪಾತಿಯ ತುಂಬ ಆಳೆತ್ತರದ ಪುಂಡಿ. ಪುಂಡಿಪಲ್ಯವಿಲ್ಲದೆ ಜೋಳದ ರೊಟ್ಟಿ ಗಂಟಲಿಗಿಳಿಯದ ನಾನು ಊರಿಂದ ಬೀಜ ತಂದು ಬೆಳೆಸಿದ್ದೆ. ವಿಜಯಪುರದ ಓಣಿಯಲ್ಲಿ ನಲ್ಲಿ ಬಂದ ದಿನ ಕೊಡಪಾನ ತುಂಬಿಟ್ಟುಕೊಂಡು ಬೆಳೆದವಳು ಪಾತ್ರೆ ತೊಳೆದ ನೀರನ್ನು ಸುಮ್ಮನೆ ಹರಿಯಲು ಬಿಡುತ್ತಾಳೆಯೇ? ಬಚ್ಚಲ ಕೊಳವೆಯನ್ನೂ ಅಡುಗೆಮನೆಯ ಕೊಳವೆಯನ್ನೂ ತಿರುಗಿಸಿ ಪಾತಿಗೆ ಬಿಟ್ಟಿದ್ದೆ. ಆಕಾಶ ತೂತಾದ ಹಾಗೆ ಸುರಿಯುವ ಜುಲೈಯಲ್ಲೂ ಬಿಟ್ಟಿದ್ದೆ. ಅದರ ಮೇಲೆ ಅಕ್ಕಿ ತೊಳೆದ ನೀರನ್ನು ಚೊಂಬಿನಲ್ಲಿ ತಂದು ಸುರಿಯುತ್ತಿದ್ದೆ.

ಏಳುಮಲೈಯವರು ಪಾತಿ ನೋಡಿದರು, ಕೊಳವೆ ನೋಡಿದರು, ಸುರಿಯುವ ಮಳೆ ನೋಡಿದರು. ಕೊನೆಗೆ ನನ್ನನ್ನು ನೋಡಿದರು.

"ಮಗೂಗೆ ಹಾಲು ಕುಡಿಸೋ ಹಾಗೆ ಗೋಡೆಗೆ ದಿನಾ ನೀರು ಕುಡಿಸಿದೀರಲ್ಲಮ್ಮಾ! ಅದು ಕುಡಿದದ್ದು ಹೊರಗೆ ಬಿಡೋಣ ಅಂದ್ರೆ ಒಳಗಡೆ ಸಿಮೆಂಟು ಬೇರೆ ಮೆತ್ತಿಸಿದೀರಿ."

ನನ್ನ ಗಂಡ ಛತ್ರಿಯ ಹಿಂದೆ ಮುಖ ಮುಚ್ಚಿಕೊಂಡರು. ಭುಜ ಕುಣಿಯುತ್ತಿತ್ತು. ನನಗೆ ನಾಚಿಕೆಯಿಂದ ಭೂಮಿ ಬಾಯ್ಬಿಡಬಾರದೇ ಅನಿಸಿತು. "ತಪ್ಪಾತ್ರಿ ಅಪ್ಪಾರ" ಎಂದು ಕೈಮುಗಿದೆ. ಆಮೇಲೆ ನಾನೂ ನಕ್ಕುಬಿಟ್ಟೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಎಷ್ಟೋ ದಿನಗಳ ಮೇಲೆ ಆ ಮನೆಯಲ್ಲಿ ನಮ್ಮಿಬ್ಬರ ನಗು ಕೇಳಿತು. ಹೊರಡುವಾಗ ಅವರು ಒಂದು ಸಿವುಡು ಪುಂಡಿ ಕಿತ್ತು ಚೀಲಕ್ಕೆ ಹಾಕಿಕೊಂಡರು. ತಮಿಳಿನಲ್ಲಿ ಅದು ಪುಳಿಚ್ಚಕೀರೆಯಂತೆ, ಅವರ ಹೆಂಡತಿಯೂ ಮಾಡುತ್ತಿದ್ದರಂತೆ.

ಅಂದಿನಿಂದ ಪ್ರತಿ ಭಾನುವಾರ ಅವರು ಬಂದರು. ಪುಂಡಿಯನ್ನು ಕಾಂಪೌಂಡಿನ ಆಚೆ ಮೂಲೆಗೆ ವರ್ಗಾಯಿಸಿದೆವು. ಗೋಡೆಯ ಪಕ್ಕದ ಮಣ್ಣು ತೆಗೆದು, ನೀರು ಆಚೆಗೆ ಹೋಗುವಂತೆ ಕಾಲುವೆ ತೋಡಿದೆವು. ಮಳೆ ಹಿಂದಾದ ಮೇಲೆ ಸಿಮೆಂಟು ಕೆತ್ತಿ ತೆಗೆಸಿ, ಹಳೆಯ ಕಾಲದ ಹಾಗೆ ಸುಣ್ಣದ ಗಾರೆ ಹಾಕಿಸಿದರು. ಸುಣ್ಣ ಗೋಡೆಗೆ ಉಸಿರಾಡಲು ಬಿಡುತ್ತದಂತೆ. ಬಣ್ಣ ಬಳಿಯೋಣವೇ ಎಂದರೆ ಗದರುತ್ತಿದ್ದರು. ಲಲಿತಮ್ಮನಂತೂ ಹೊಳವು ಆದಾಗಲೆಲ್ಲ ಕಾಂಪೌಂಡಿನಾಚೆಯಿಂದ "ಕಿಟಕಿ ತೆಗೀರಿ ಮೇಡಂ!" ಎಂದು ಕೂಗಿ ಇಡೀ ಓಣಿಗೆ ನನ್ನ ಚರಿತ್ರೆ ಸಾರಿದರು. ತರಕಾರಿಯವಳೂ ಈಗ ನನ್ನನ್ನು ನೋಡಿದರೆ "ಗೋಡೆ ಹೆಂಗಿದೆ ಮೇಡಂ?" ಎಂದು ಕೇಳುತ್ತಾಳೆ. ಅಲ್ಲಿಯವರೆಗೆ ನನ್ನ ಹೆಸರೂ ಗೊತ್ತಿಲ್ಲದಿದ್ದ ಓಣಿಗೆ ನಾನು ಪರಿಚಯವಾದದ್ದು ಹೀಗೆ, ಅದು ನನಗೆ ಬಹಳ ಖುಷಿ ಕೊಟ್ಟಿತು.

ವರ್ಗಾವಣೆಗೆ ಅರ್ಜಿ ಕರೆದರು. ಕೊನೆಯ ದಿನಕ್ಕೆ ನಾಲ್ಕು ದಿನ ಮೊದಲು ಏಳುಮಲೈಯವರು ಅಂಗೈಯಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ಸುತ್ತಲೂ ಟೇಪು ಅಂಟಿಸಿದರು. ಗೋಡೆಯಲ್ಲಿ ಇನ್ನೂ ನೀರಿದ್ದರೆ ಹಾಳೆಯ ಒಳಮೈಯಲ್ಲಿ ಹನಿ ಕಾಣುತ್ತದೆ, ಒಣಗಿದ್ದರೆ ಕಾಣುವುದಿಲ್ಲ. ನಾಲ್ಕು ದಿನ ಹತ್ತನೇ ಕ್ಲಾಸಿನ ರಿಸಲ್ಟಿಗೆ ಕಾದ ಹಾಗೆ ಕಾದೆವು. ಹಾಳೆಯನ್ನು ನನ್ನ ಗಂಡನೇ ಕಿತ್ತರು. ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಒಂದು ಹನಿ ಇಲ್ಲ. ಏಳುಮಲೈಯವರು ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತೇಬಿಟ್ಟರು, ಕಣ್ಣು ಮುಚ್ಚಿಕೊಂಡರು. ನಾನು ಚಪ್ಪಾಳೆ ತಟ್ಟಿದೆ.

ನನ್ನ ಗಂಡ ಮಾತ್ರ ಹಾಳೆಯನ್ನು ಇನ್ನೂ ತಿರುಗಿಸುತ್ತಲೇ ಇದ್ದರು.

"ಏನ್ ಹುಡುಕ್ತೀರಿ?" ಎಂದೆ.

"ಏನಿಲ್ಲ. ಒಂದಾರ ಹನಿ ಇರ್ತೈತೇನೋ ಅಂತ ನೋಡಿದೆ" ಎಂದು ನಕ್ಕರು. ಆ ನಗು ನನಗೆ ಅರ್ಥವಾಯಿತು. ನನ್ನ ಕಣ್ಣೂ ಒಂದು ಕ್ಷಣ ಅದನ್ನೇ ಹುಡುಕಿತ್ತು.

ಊರಿಗೆ ಹೋಗುವ ಅರ್ಜಿ ಹಾಕಲಿಲ್ಲ. ಸಂಜೆ ವಿಜಯಪುರದಲ್ಲಿರುವ ನನ್ನ ತಂಗಿಗೆ ಫೋನು ಮಾಡಿ, ಗೋಡೆ ಒಣಗಿತು ಎಂದು ಕುಣಿದಾಡುತ್ತಾ ಹೇಳಿದೆ.

"ಚಲೋ ಆತು ಬಿಡಕ್ಕ. ಹಂಗಾರ ಬ್ಯಾಸಗಿ ಸೂಟಿಗೆ ಬರ್ತೀರಿಲ್ಲೋ?"

"ಬರ್ತೀವಿ. ಎಂಟ್ ದಿನ ಇರ್ತೀವಿ" ಎಂದೆ.

ನನ್ನ ಊರಿನಲ್ಲಿ ಎಷ್ಟು ದಿನ ಇರುತ್ತೇನೆಂದು ನಾನು ಎಣಿಸಿ ಹೇಳಿದ್ದು ಅದೇ ಮೊದಲು.